ಎರಡನೇ ಪುಟದ ಗಾಳಿ

ಮಾರ್ಚ್ ೪, ಶುಕ್ರವಾರ

ಮುಂದಿನ ವಾರದ ಹವಾಮಾನ ಮುನ್ನೋಟ ಬರೆದು ಮುಗಿಸಿದೆ. ಹನ್ನೊಂದು ನಿಮಿಷ ಹಿಡಿಯಿತು. ಹೋದ ವಾರ ಒಂಬತ್ತು. ಈ ಸಲ ನಡುವೆ ಚಹಾ ಬಂತು, ಅದಕ್ಕೇ ತಡ.

ವಸಂತ ಬಂತೆಂದರೆ ಜನಕ್ಕೆ ಹವಾಮಾನದ ಹುಚ್ಚು ಹಿಡಿಯುತ್ತದೆ. ಬೇಸಿಗೆಯಲ್ಲಿ ಯಾರೂ ಕೇಳುವುದಿಲ್ಲ, ಬೆವರು ಅವರಿಗೇ ಹೇಳುತ್ತದೆ. ಮಳೆಗಾಲದಲ್ಲೂ ಕೇಳುವುದಿಲ್ಲ, ಆಗಲೇ ನೆನೆದಿರುತ್ತಾರೆ. ಈ ಹಾಳು ವಸಂತದಲ್ಲಿ ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮೋಡ, ಸಂಜೆ ಚಳಿ. ಕೊಡೆ ತರಲೋ ಟೋಪಿ ತರಲೋ ಎಂದು ಊರಿಗೆ ಊರೇ ಫೋನ್ ಎತ್ತಿಕೊಳ್ಳುತ್ತದೆ. ಎರಡನ್ನೂ ತನ್ನಿ, ಕೈ ಎರಡಿವೆಯಲ್ಲ.

ಮುನ್ನೋಟ ಬರೆಯುವುದು ಮಹಾ ವಿದ್ಯೆಯೇನಲ್ಲ. ಕೇಂದ್ರ ಕಚೇರಿಯಿಂದ ಎರಡು ಪುಟದ ಕೋಷ್ಟಕ ಬರುತ್ತದೆ. ಮೊದಲ ಪುಟದಲ್ಲಿ ಮಳೆ, ಬಿಸಿಲು, ಚಳಿ. ಎರಡನೇ ಪುಟದಲ್ಲಿ ಗಾಳಿ. ನಾನು ಹೋದ ವಾರದ ಮುನ್ನೋಟವನ್ನೇ ತೆಗೆದು, ತಾರೀಖು ಬದಲಿಸಿ, ಮೊದಲ ಪುಟ ನೋಡಿ ಮೇಲಿನ ಸಾಲುಗಳನ್ನು ತಿದ್ದುತ್ತೇನೆ. ಕೊನೆಯ ಸಾಲು, ‘ಗಾಳಿ ಸಾಧಾರಣವಾಗಿರುತ್ತದೆ’, ಒಂಬತ್ತು ವರ್ಷದಿಂದ ಹಾಗೇ ಇದೆ. ಅದನ್ನು ಓದುವವರು ಯಾರು? ಒಂದು ದೂರೂ ಬಂದಿಲ್ಲ. ಎರಡನೇ ಪುಟ ಒಳ್ಳೆಯ ದಪ್ಪ ಕಾಗದ, ಹಿಂಬದಿ ಖಾಲಿ. ಸಾಮಾನಿನ ಚೀಟಿ ಬರೆಯುವುದಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಇವತ್ತು ಈರುಳ್ಳಿ, ಸಾಬೂನು, ಬೆಂಕಿಪೊಟ್ಟಣ ಬರೆದುಕೊಂಡೆ.

ಆಮೇಲೆ ಸಾಹೇಬರ ಸಹಿ. ಇವರಿಗೆ ನಾನಿಟ್ಟ ಹೆಸರು ಬಹುಶಃ ಸಾಹೇಬರು. ‘ಶನಿವಾರ ಬಿಸಿಲು’ ಎಂದು ಬರೆದರೆ ಕೆಂಪು ಪೆನ್ನಿನಲ್ಲಿ ಹಿಂದೆ ‘ಬಹುಶಃ’ ಸೇರಿಸುತ್ತಾರೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಒಮ್ಮೆ ಸೂರ್ಯೋದಯದ ಸಮಯದ ಹಿಂದೆಯೂ ಬಹುಶಃ ಸೇರಿಸಿದ್ದರು. ಸೂರ್ಯ ಆವತ್ತು ಸರಿಯಾಗಿಯೇ ಹುಟ್ಟಿದ.

ಮಾರ್ಚ್ ೬, ಭಾನುವಾರ

ಎಂದಿನಂತೆ ಅಕ್ಕನ ಮನೆಯಲ್ಲಿ ಊಟ. ಮುಂದೆ ಹಾಸಿಗೆ ಅಂಗಡಿ, ಹಿಂದೆ ಮನೆ. ಎರಡರ ನಡುವೆ ಬಾಗಿಲಿದ್ದರೂ ಹತ್ತಿಗೆ ಅದು ಲೆಕ್ಕವಿಲ್ಲ. ಮೂಗಿನಲ್ಲಿ ಹತ್ತಿ, ಲೋಟದಲ್ಲಿ ಹತ್ತಿ. ಅನ್ನದಲ್ಲಿ ಸಿಕ್ಕಿದ್ದನ್ನು ತೆಗೆದು ತೋರಿಸಿದರೆ ಅಕ್ಕ, “ಮೆತ್ತಗಿದೆ, ತಿನ್ನು” ಎಂದು ನಗುತ್ತಾಳೆ.

ಭಾವ ತೀರಿಕೊಂಡು ಎರಡು ವರ್ಷವಾಯಿತು. ಅವರಿದ್ದಾಗ ಇಬ್ಬರೂ ಮಾಡುತ್ತಿದ್ದುದನ್ನು ಈಗ ಒಬ್ಬಳೇ ಮಾಡುತ್ತಾಳೆ. ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಈ ಕಾಲದಲ್ಲಿ ಹತ್ತಿ ಹಾಸಿಗೆ ಯಾರಿಗೆ ಬೇಕು? ಆದರೆ ಈಗ ಒಂದು ದೊಡ್ಡ ಕೆಲಸ ಸಿಕ್ಕಿದೆ. ಹುಡುಗಿಯರ ಹಾಸ್ಟೆಲಿನ ನಲವತ್ತು ಹಳೆ ಹಾಸಿಗೆಗಳನ್ನು ಬಿಚ್ಚಿ, ಹತ್ತಿಯನ್ನು ಮೂರು ದಿನ ಬಿಸಿಲಿಗೆ ಹಾಕಿ, ಹಿಂಜಿ, ಮತ್ತೆ ತುಂಬಿ ಹೊಲಿದು ಹದಿನಾಲ್ಕನೇ ತಾರೀಖು ಕೊಡಬೇಕು. ಅವತ್ತು ರಜೆ ಮುಗಿಸಿ ಹುಡುಗಿಯರು ಬರುತ್ತಾರೆ. ಚೆನ್ನಾಗಿದ್ದರೆ ಉಳಿದ ನೂರರವತ್ತೂ ಅಕ್ಕನಿಗೇ. ಇಲ್ಲದಿದ್ದರೆ ಎಲ್ಲಕ್ಕೂ ಫೋಮ್ ತರಿಸುತ್ತೇನೆ ಎಂದಿದ್ದಾಳಂತೆ ವಾರ್ಡನ್ನಮ್ಮ.

“ಅಲ್ಲಿಗೂ ಫೋಮ್ ಬಂದ್ರೆ ನಾನು ಅಂಗಡಿ ಬಾಗಿಲು ಹಾಕೋದೇ ಕಣೇ” ಎಂದಳು. ನಗುತ್ತಾ ಹೇಳಿದಳು, ಆದರೆ ಕೈ ನಿಲ್ಲಲಿಲ್ಲ. ಹಳೆಯ ಹೊಲಿಗೆ ಬಿಚ್ಚುತ್ತಲೇ ಇದ್ದಳು. ಸೀರೆಯ ತುಂಬ ಹಾಸ್ಟೆಲಿನ ನೀಲಿ ದಾರದ ಚೂರು.

ಅವಳ ಹಿತ್ತಲಿನಲ್ಲಿ ಐದು ಹಾಸಿಗೆಯ ಹತ್ತಿ ಮಾತ್ರ ಹಿಡಿಸುತ್ತದೆ, ಸುತ್ತ ಎತ್ತರದ ಗೋಡೆ. ನಲವತ್ತಕ್ಕೆಂದು ಬೀದಿ ಕೊನೆಯ ಗೋದಾಮಿನ ತಾರಸಿ ಕೇಳಿಕೊಂಡಿದ್ದಾಳೆ. ಅದಕ್ಕೆ ಗೋಡೆ ಮೊಣಕಾಲೆತ್ತರ.

“ಅದಿರ್ಲಿ, ಈ ವಾರ ಗಾಳಿ ಹೇಗಿರುತ್ತೇ?”

“ಎಲ್ಲರೂ ಮಳೆ ಕೇಳ್ತಾರೆ, ನಿಂದೊಂದು ಗಾಳಿ.”

“ಮಳೆ ಬಂದ್ರೆ ಹತ್ತಿ ಮತ್ತೆ ಒಣಗುತ್ತೆ. ಗಾಳಿ ಬಂದ್ರೆ ಒಣಗ್ಸೋಕೆ ಹತ್ತಿನೇ ಇರಲ್ಲ. ಬಲೆ ಹೊದಿಸ್ಲಾ ಬೇಡ್ವಾ ಹೇಳು. ಹೊದಿಸಿದ್ರೆ ಒಬ್ಬಳೇ ತಿರುವಿ ಹಾಕೋಕಾಗಲ್ಲ, ಒಣಗೋಕೆ ಇನ್ನೊಂದು ದಿನ ಬೇಕು. ಆ ಒಂದು ದಿನ ನನ್ನ ಹತ್ರ ಇಲ್ಲ.”

“ಪೇಪರಲ್ಲಿ ಬಂದಿದೆ, ಓದ್ಕೋ.”

“ಬರೆದವಳೇ ಎದುರಿಗೆ ಕೂತು ಉಣ್ತಿರುವಾಗ ಪೇಪರ್ ಯಾಕೆ?”

“ಸಾಧಾರಣ ಗಾಳಿ. ಸಾಕಾ?”

“ನೀನು ಹೇಳಿದ್ಮೇಲೆ ಸಾಕು” ಎಂದು ಬಲೆಯನ್ನು ಮಡಿಸಿ ಅಟ್ಟದ ಮೇಲೆ ಹಾಕಿದಳು.

ಊಟವಾದ ಮೇಲೆ ಒಂದು ದಿಂಬು ತುಂಬಿಕೊಟ್ಟೆ. ಅಕ್ಕ ಅದನ್ನು ಒಮ್ಮೆ ಹಿಸುಕಿ ನೋಡಿ ಅಷ್ಟೂ ಹತ್ತಿ ಹೊರಗೆಳೆದಳು.

“ಮೂಲೆಗೆ ತುಂಬೇ ಇಲ್ಲ ನೀನು.”

“ಮೂಲೆ ಯಾರು ನೋಡ್ತಾರೆ?”

“ಯಾರೂ ನೋಡಲ್ಲ. ಮಲಗ್ತಾರೆ.”

ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಎಷ್ಟು ಜಂಬ! ನಾನು ಕಾಲೇಜಿಗೆ ಹೋಗಲೆಂದು ಬಿಟ್ಟಳು, ಅದು ಬೇರೆ ಮಾತು. ಅವಳು ಅದನ್ನು ಒಂದು ದಿನವೂ ಆಡಿ ತೋರಿಸಿಲ್ಲ.

ಮಾರ್ಚ್ ೭, ಸೋಮವಾರ

ಹದಿನೇಳು ಫೋನು. ಒಬ್ಬ, ನಿಮ್ಮನ್ನು ನಂಬಿ ಗೋಡೆಗೆ ಬಣ್ಣ ಹೊಡೆಸಿದೆ, ನಾಲ್ಕು ಹನಿ ಬಿತ್ತು ಎಂದು ಕೂಗಾಡಿದ. ನಾಲ್ಕನ್ನೂ ಎಣಿಸಿದ್ದಾನೆ ಪುಣ್ಯಾತ್ಮ. ‘ಅಲ್ಲಲ್ಲಿ ಹಗುರ ಮಳೆ’ ಎಂದು ಬರೆದಿತ್ತಲ್ಲ, ನಿಮ್ಮದು ಆ ಅಲ್ಲಲ್ಲಿ ಎಂದೆ. ಸಾಹೇಬರಿಗೆ ಈ ಉತ್ತರ ಬಹಳ ಹಿಡಿಸಿತು.

ಮಾರ್ಚ್ ೯, ಬುಧವಾರ

ಒಳ್ಳೆಯ ಬಿಸಿಲು. ಬರೆದಂತೆಯೇ ಆಗಿದೆ, ಆದರೆ ಹೊಗಳುವುದಕ್ಕೆ ಫೋನ್ ಮಾಡಿದವರನ್ನು ನಾನಿನ್ನೂ ಕಂಡಿಲ್ಲ.

ಬಸ್ಸು ಗೋದಾಮಿನ ಮುಂದೆ ಹಾದುಹೋಯಿತು. ತಾರಸಿ ಬೆಳ್ಳಗಿತ್ತು. ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಉದ್ದ ಕೋಲಿನಿಂದ ಹತ್ತಿ ತಿರುವಿ ಹಾಕುತ್ತಿದ್ದಳು. ಕಿಟಕಿಯಲ್ಲಿ ನನ್ನನ್ನು ಕಂಡು ಎರಡೂ ಕೈ ಎತ್ತಿ ಬೀಸಿದಳು. ಪಕ್ಕದಲ್ಲಿ ನಮ್ಮ ಲೆಕ್ಕ ವಿಭಾಗದವಳು ಕೂತಿದ್ದಳು, “ಯಾರ್ರೀ ಅದು?” ಎಂದಳು. “ಯಾರೋ ಏನೋ” ಎಂದೆ.

ಈಗ ಬರೆಯುವಾಗ ಯಾಕೋ ಸರಿಯೆನಿಸುತ್ತಿಲ್ಲ. ಇರಲಿ. ಅವಳೂ ಅಷ್ಟು ಜೋರಾಗಿ ಕೈ ಬೀಸಬೇಕಾಗಿರಲಿಲ್ಲ.

ಮಾರ್ಚ್ ೧೦, ಗುರುವಾರ

ಕ್ರಮವಾಗಿ ಬರೆಯುತ್ತೇನೆ.

ಹನ್ನೆರಡು ಗಂಟೆಗೆ ಕಚೇರಿಯ ಕಿಟಕಿ ಬಡಿದುಕೊಳ್ಳತೊಡಗಿತು. ಎದ್ದು ಚಿಲಕ ಹಾಕಿ ಬಂದು ಕೂತೆ. ಹವಾಮಾನ ಕಚೇರಿಯಲ್ಲಿ ಗಾಳಿ ಎದ್ದಾಗ ನಾನು ಮಾಡಿದ್ದು ಇಷ್ಟೇ, ಚಿಲಕ ಹಾಕಿದ್ದು.

ಹನ್ನೆರಡೂವರೆಗೆ ಮೊದಲ ಫೋನು.

“ಮೇಡಂ, ಹಿಮ ಬೀಳ್ತಿದೆಯಲ್ಲಾ, ನೀವು ಹೇಳೇ ಇಲ್ಲ!”

ಇಪ್ಪತ್ತೆಂಟು ಡಿಗ್ರಿ ಬಿಸಿಲಿನಲ್ಲಿ ಹಿಮ! “ಸ್ವಲ್ಪ ಬಾಯಿಗೆ ಹಾಕ್ಕೊಂಡು ನೋಡಿ, ಕರಗದೇ ಇದ್ರೆ ಫೋನ್ ಮಾಡಿ” ಎಂದು ಇಟ್ಟೆ. ಸುತ್ತ ಕೂತವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಎರಡನೆಯದು ಒಬ್ಬ ಹೆಂಗಸು. ಒಗೆದು ಹಾಕಿದ ಬಟ್ಟೆಗೆಲ್ಲ ಬಿಳಿ ಬಿಳಿ ಏನೋ ಮೆತ್ತಿಕೊಂಡಿದೆಯಂತೆ. “ಬೂರುಗದ ಕಾಯಿ ಒಡೆಯೋ ಕಾಲ ಅಮ್ಮಾ ಇದು. ಮರದ ಹತ್ತಿ. ವಸಂತ ಅಂದ್ರೆ ಹಾರುತ್ತೆ. ಇಷ್ಟೂ ಗೊತ್ತಿಲ್ವಾ?” ಎಂದೆ.

ಮೂರನೆಯದು ಒಬ್ಬ ಮುದುಕರು, ದನಿಯಲ್ಲಿ ಅವಸರವೇ ಇಲ್ಲ. ಅವರಿಗೂ ಬೂರುಗದ ಪಾಠ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡರು.

“ಅಲ್ಲ ತಾಯಿ, ಬೂರುಗದ ಹತ್ತಿ ನಾನೂ ನೋಡಿದೀನಿ. ಅದಕ್ಕೆ ದಾರ ಇರಲ್ಲ.”

“ಎಂಥ ದಾರ?”

“ನೀಲಿ ದಾರ.”

ಫೋನ್ ಇಟ್ಟೆನೋ ಇಲ್ಲವೋ ನೆನಪಿಲ್ಲ. ಬಸ್ಸಿಗೆ ಕಾಯಲಿಲ್ಲ, ಓಡಿದೆ. ತಂತಿಯ ಮೇಲೆ ಹತ್ತಿ, ಮರದ ತುಂಬ ಹತ್ತಿ, ನಿಂತ ಬಸ್ಸಿನ ಗಾಜಿನ ಮೇಲೆ ಹತ್ತಿ. ಮಕ್ಕಳು ಹಿಡಿದು ಹಿಡಿದು ಒಬ್ಬರಿಗೊಬ್ಬರು ಎಸೆಯುತ್ತಿದ್ದರು. ಊರೇ ಖುಷಿಯಾಗಿತ್ತು.

ತಾರಸಿಯಲ್ಲಿ ಅಕ್ಕ ಉಳಿದ ಹತ್ತಿಯನ್ನು ಒಂದು ಮೂಲೆಗೆ ಬಾಚಿ, ಅದರ ಮೇಲೆ ಬೋರಲು ಮಲಗಿದ್ದಳು. ಎರಡೂ ಕೈ ಚಾಚಿ, ಕೆನ್ನೆ ಒತ್ತಿ. ಅಕ್ಕಪಕ್ಕದಿಂದ ಹತ್ತಿ ಎದ್ದು ಹೋಗುತ್ತಲೇ ಇತ್ತು. ನನ್ನನ್ನು ಕಂಡು, “ಬಲೆ! ಅಟ್ಟದ ಮೇಲಿದೆ, ಬಲೆ ತಾರೇ!” ಎಂದು ಕಿರುಚಿದಳು. ಹೋಗಿ ತಂದೆ. ಇಬ್ಬರೂ ಹೊದಿಸಿ ಅಂಚಿಗೆ ಕಲ್ಲು ಹೇರಿದೆವು. ಆಮೇಲೆ ಅವಳು ಕೂತು ಬಾಯಿಂದ ಹತ್ತಿ ಉಗುಳಿದಳು. ಕಣ್ಣು ಕೆಂಪಗಿತ್ತು.

ಎಷ್ಟು ಹೋಯಿತೆಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು, ಕಾಲು ಭಾಗಕ್ಕೆ ಸ್ವಲ್ಪ ಕಡಿಮೆ.

ನಾನು ಬಾಯಿ ತೆರೆಯುವ ಮೊದಲೇ, “ಬಿಡೇ, ನಿಮ್ಮ ಅಷ್ಟು ದೊಡ್ಡ ಕಚೇರಿಗೇ ಗೊತ್ತಾಗದ ಗಾಳಿ. ನೀನೇನು ಮಾಡ್ತೀಯ” ಎಂದು ನನ್ನ ಬೆನ್ನು ತಟ್ಟಿದಳು. ನನ್ನ ಬೆನ್ನು!

ಮಾರ್ಚ್ ೧೧, ಶುಕ್ರವಾರ

ಪರ್ಸಿನಲ್ಲಿ ಹೋದ ವಾರದ ಚೀಟಿ ಸಿಕ್ಕಿತು. ಈರುಳ್ಳಿ, ಸಾಬೂನು, ಬೆಂಕಿಪೊಟ್ಟಣ. ತಿರುಗಿಸಿದೆ. ‘ಗುರುವಾರ: ಮಧ್ಯಾಹ್ನದಿಂದ ಬಲವಾದ ಗಾಳಿ. ಹಗುರ ವಸ್ತುಗಳನ್ನು ಬಯಲಿನಲ್ಲಿಡುವವರಿಗೆ ಎಚ್ಚರಿಕೆ ನೀಡುವುದು.’

ಎಚ್ಚರಿಕೆ ನೀಡುವುದು. ಹಾಗಂತ ಅಚ್ಚಾಗಿತ್ತು. ನಾನು ಅದರ ಹಿಂದೆ ಈರುಳ್ಳಿ ಎಂದು ಬರೆದೆ.

ಬಹುಶಃ ಸಾಹೇಬರು ಕರೆದು, “ನಿನ್ನೆಯ ಗಾಳಿ ಬಗ್ಗೆ ಯಾರಾದ್ರೂ ಏನಾದ್ರೂ ಅಂದ್ರಾ?” ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ನನ್ನ ಕೈ ಪರ್ಸಿನ ಮೇಲೆ ಹೋಯಿತು. “ಇಲ್ಲ ಸಾರ್, ಹಿಮ ಅಂತ ಒಬ್ಬರು ಕೇಳಿದ್ರು ಅಷ್ಟೇ.” “ಹಾಗಾದ್ರೆ ದೂರಿಲ್ಲ. ಒಳ್ಳೇದು. ಮುನ್ನೋಟ ಹೋದ ವಾರದ ಹಾಗೇ ಇರಲಿ, ಚೆನ್ನಾಗಿತ್ತು.” ಮಹಾರಾಯರಿಗೆ ದೂರು ಬರದಿದ್ದರೆ ಗಾಳಿಯೂ ಬೀಸಲಿಲ್ಲ.

ಇವತ್ತಿನ ಮುನ್ನೋಟಕ್ಕೆ ಐವತ್ತು ನಿಮಿಷ ಹಿಡಿಯಿತು. ಚಹಾ ಆರಿಹೋಗಿತ್ತು. ಸಾಮಾನಿನ ಚೀಟಿ ಹಳೆಯ ಲಕೋಟೆಯ ಮೇಲೆ ಬರೆದುಕೊಂಡೆ.

ಮಾರ್ಚ್ ೧೨, ಶನಿವಾರ

ಬೆಳಿಗ್ಗೆಯಿಂದ ಅಂಗಡಿಯಲ್ಲೇ. ಅಕ್ಕ ಹಿಂಜುತ್ತಾಳೆ, ನಾನು ತುಂಬುತ್ತೇನೆ, ಅವಳು ಹೊಲಿಯುತ್ತಾಳೆ. ನಾನು ಹೊಲಿದ ಒಂದನ್ನು ಬಿಚ್ಚಿದಳು.

ಬೀದಿಯವರು ಚೀಲಗಳಲ್ಲಿ ಹತ್ತಿ ಆರಿಸಿ ತಂದುಕೊಟ್ಟರು. ಎಂಥ ಉಪಕಾರ! ಅರ್ಧ ಎಲೆ, ಕಾಲು ಕೂದಲು, ಒಂದರಲ್ಲಿ ಕಾಗೆಯ ಗರಿ. ಮೂರು ಹಾಸಿಗೆಗೂ ಸಾಲದು. ತಂದವರು ಸುಮ್ಮನೆ ಹೋಗುವುದೂ ಇಲ್ಲ. “ನಿಮ್ಮ ತಂಗಿ ಹವಾಮಾನದವರಂತಲ್ಲ, ಮೊದಲೇ ಹೇಳ್ಲಿಲ್ವಾ?” ಎಂದು ಒಬ್ಬಳು ಕುಟುಕಿದಳು. ಅಕ್ಕ ಸೂಜಿ ನಿಲ್ಲಿಸಿ, “ಗಾಳಿ ಏನು ಇವಳ ಮನೆ ಆಳಾ, ಹೇಳಿ ಬರೋಕೆ? ಪಾಪ, ಓಡಿ ಬಂದು ಕಲ್ಲು ಹೊತ್ತಿದಾಳೆ” ಎಂದು ಅವಳ ಬಾಯಿ ಮುಚ್ಚಿಸಿದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲಾರೆ.

ಮಧ್ಯಾಹ್ನ ನನ್ನ ಕೋಣೆಗೆ ಹೋಗಿ ನನ್ನ ಹಾಸಿಗೆ, ಎರಡು ದಿಂಬು ಹೊತ್ತು ತಂದೆ. ಅಕ್ಕನೇ ಮಾಡಿಕೊಟ್ಟದ್ದು, ಕೆಲಸ ಸಿಕ್ಕಿದ ವರ್ಷ. “ಇದ್ಯಾಕೇ?” ಎಂದಳು. “ಗಟ್ಟಿಯಾಗಿಬಿಟ್ಟಿದೆ, ಬೆನ್ನು ನೋಯುತ್ತೆ” ಎಂದೆ. ಬಿಚ್ಚಿದರೆ ಒಳಗೆ ಹತ್ತಿ ಇನ್ನೂ ಹೊಸ ಅರಳೆಯ ಹಾಗೇ ಮೆತ್ತಗಿತ್ತು. ಮೂಲೆಗಳಲ್ಲೂ.

ಮಾರ್ಚ್ ೧೩, ಭಾನುವಾರ

ಹೇಳಿದೆ.

ಊಟದ ಮೊದಲೇ ಹೇಳಿದೆ, ಉಂಡ ಮೇಲಾದರೆ ಇನ್ನೂ ಕೀಳಾಗುತ್ತಿತ್ತು. ಚೀಟಿ ತೆಗೆದು ಅವಳ ಮುಂದಿಟ್ಟೆ. ಮೊದಲು ಈರುಳ್ಳಿಯ ಬದಿ ನೋಡಿದಳು, ತಿರುಗಿಸಿದೆ. ಅವಳು ಓದುವುದು ನಿಧಾನ. ಪೂರ್ತಿ ಓದುವವರೆಗೆ ಕಾಯಬೇಕಾಯಿತು.

“ಇದು ನಿನಗೆ ಯಾವತ್ತು ಬಂತು?”

“ನಾಲ್ಕನೇ ತಾರೀಖು, ಶುಕ್ರವಾರ.”

“ನಾನು ಕೇಳಿದ್ದು ಭಾನುವಾರ.”

“ಹೂಂ. ನಾನು ಓದಿರಲಿಲ್ಲ. ಆ ಪುಟ ಓದೋದೇ ಇಲ್ಲ ಅಕ್ಕ. ಗಾಳಿ ಸಾಲು ಹಳೇದೇ ಇರುತ್ತೆ.”

“ಎಷ್ಟು ವರ್ಷದಿಂದ?”

“ಒಂಬತ್ತು.”

ಸೂಜಿಗೆ ದಾರ ಪೋಣಿಸುತ್ತಿದ್ದಳು. ಎರಡು ಸಲ ತಪ್ಪಿತು.

“ನಿನ್ ಭಾವ ಶನಿವಾರ ಶನಿವಾರ ಪೇಪರ್ ತರೋರು. ನಮ್ಮ ಹುಡುಗಿ ಬರೆದದ್ದು ಅಂತ ಕತ್ತರಿಸಿ ಆ ಡ್ರಾಯರಲ್ಲಿ ಇಡೋರು. ಇನ್ನೂ ಇದೆ.”

ನಾನು ಅಳತೊಡಗಿದೆ. ಅವಳು ಅಳಲಿಲ್ಲ.

“ಆ ಕಡೆ ಹೋಗಿ ಕೂತ್ಕೋ. ನಿನ್ನ ನೆರಳು ಹೊಲಿಗೆ ಮೇಲೆ ಬೀಳ್ತಿದೆ.”

ಸಂಜೆವರೆಗೆ ಆ ಕಡೆ ಕೂತು ತುಂಬಿದೆ. ಡ್ರಾಯರ್ ಹತ್ತಿರವೇ ಇತ್ತು, ತೆರೆಯುವ ಧೈರ್ಯವಾಗಲಿಲ್ಲ. ಮಾಡಿದ್ದುಣ್ಣೋ ಮಹಾರಾಯ.

ಮಾರ್ಚ್ ೧೪, ಸೋಮವಾರ

ಮೂವತ್ತನಾಲ್ಕು ಹಾಸಿಗೆ ಕೊಟ್ಟೆವು. ಆರು ಕಡಿಮೆ.

ವಾರ್ಡನ್ನಮ್ಮ ನನಗಿಂತ ಕೆಟ್ಟ ಬಾಯಿಯವಳು, ಅಂಥವಳೊಬ್ಬಳಿದ್ದಾಳೆಂದು ಗೊತ್ತಿರಲಿಲ್ಲ. “ಊರೆಲ್ಲ ನಮ್ಮ ಹುಡುಗೀರ ಹಾಸಿಗೆ ಹಾರಾಡ್ತಿತ್ತಂತೆ?” ಎಂದು ಶುರು ಮಾಡಿದಳು. ಅಕ್ಕ ತಲೆ ತಗ್ಗಿಸಲಿಲ್ಲ. “ತಪ್ಪಾಯ್ತು ಮೇಡಂ. ಇದ್ದದ್ದರಲ್ಲಿ ಮೂವತ್ತನಾಲ್ಕು ಸರಿಯಾಗಿ ಮಾಡಿದೀನಿ. ನಲವತ್ತಕ್ಕೆ ಹಂಚಿದ್ರೆ ಯಾರಿಗೂ ನಿದ್ದೆ ಬರ್ತಿರ್ಲಿಲ್ಲ” ಎಂದಳು. ವಾರ್ಡನ್ನಮ್ಮ ಒಂದೊಂದರ ಮೂಲೆಯನ್ನೂ ಮುಷ್ಟಿಯಿಂದ ಗುದ್ದಿ ನೋಡಿದಳು. ನೂರಮೂವತ್ತಾರು ಮೂಲೆ.

“ಆರು ಮಂಚಕ್ಕೆ ಫೋಮ್ ತರಿಸ್ತೀನಿ. ಮುಂದಿನ ವಾರ ಇನ್ನಿಪ್ಪತ್ತು ಬಿಚ್ಚಿ. ಅದೂ ಹಾರಿಹೋದ್ರೆ ನೀವೂ ಅದರ ಹಿಂದೇನೇ ಹಾರಿಹೋಗಿ, ಇಲ್ಲಿಗೆ ಬರಬೇಡಿ.”

ವಾಪಸ್ ಬರುವಾಗ ಗಾಡಿಯಲ್ಲಿ ಅಕ್ಕ ಮುಂದೆ ಕೂತಳು, ನಾನು ಹಿಂದೆ.

ಮಾರ್ಚ್ ೧೬, ಬುಧವಾರ

ಅಕ್ಕ ಫೋನ್ ಎತ್ತುತ್ತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನನ್ನ ಹಾಸಿಗೆ ಹಾಸ್ಟೆಲಿನಲ್ಲಿದೆ, ಕಂಬಳಿಯ ಮೇಲೆ ಮುದುಡಿ ಮಲಗುತ್ತಿದ್ದೇನೆ. ಬೆನ್ನು ಈಗ ನಿಜವಾಗಿಯೂ ನೋಯುತ್ತಿದೆ.

ಬಸ್ಸಿನಲ್ಲಿ ಗೋದಾಮು ಬಂದಾಗ ಲೆಕ್ಕ ವಿಭಾಗದವಳಿಗೆ, “ಆವತ್ತು ಕೈ ಬೀಸಿದ್ದು ನಮ್ಮ ಅಕ್ಕ” ಎಂದೆ. “ಯಾವತ್ತು?” ಎಂದಳು. ಅವಳಿಗೆ ನೆನಪೇ ಇಲ್ಲ, ಮಂಕುದಿಣ್ಣೆ.

ಮಾರ್ಚ್ ೧೮, ಶುಕ್ರವಾರ

ಹನ್ನೊಂದು ಗಂಟೆಗೆ ಫೋನು.

“ಹವಾಮಾನ ಕಚೇರಿನಾ? ಹಾಸಿಗೆ ಅಂಗಡಿಯಿಂದ ಮಾತಾಡ್ತಿರೋದು. ಮುಂದಿನ ವಾರ ಗಾಳಿ ಹೇಗಿರುತ್ತೆ ರೀ?”

ಅಕ್ಕನ ದನಿ. ಹುಟ್ಟಿದಂದಿನಿಂದ ನನ್ನನ್ನು ‘ಏ’ ಎಂದೇ ಕರೆದವಳು ‘ರೀ’ ಎಂದಳು. ಎದೆಗೆ ಸೂಜಿ ಹಾಕಿದ ಹಾಗಾಯಿತು.

“ಐದು ನಿಮಿಷ ಇರಿ ಮೇಡಂ, ಮೇಲೆ ಹೋಗಿ ನೋಡಿ ಬಂದು ಹೇಳ್ತೀನಿ” ಎಂದೆ.

ಎರಡನೇ ಪುಟ ಬೆಳಿಗ್ಗೆಯೇ ಮೂರು ಸಲ ಓದಿದ್ದೆ. ಆದರೂ ಹೋದೆ. ಐವತ್ತೆರಡು ಮೆಟ್ಟಿಲು. ಗಾಳಿ ಅಳೆಯುವ ಬಟ್ಟಲುಗಳು ನಮ್ಮ ತಾರಸಿಯಲ್ಲೇ ಇವೆ, ಒಂಬತ್ತು ವರ್ಷದಲ್ಲಿ ಅವು ತಿರುಗುವುದನ್ನು ನಿಂತು ನೋಡಿದ್ದು ಇವತ್ತೇ ಮೊದಲು. ಏದುಸಿರು ಬಿಡುತ್ತಾ ಇಳಿದು ಬಂದೆ. ಫೋನ್ ಇಟ್ಟಿರಲಿಲ್ಲ. ಆ ಕಡೆ ಕತ್ತರಿಯ ಸದ್ದು ಕೇಳುತ್ತಿತ್ತು.

“ಭಾನುವಾರ, ಸೋಮವಾರ ಬಿಚ್ಚಬೇಡಿ, ಜೋರಿದೆ. ಮಂಗಳವಾರ, ಬುಧವಾರ ಹಾಕಿ, ಆದ್ರೆ ಬಲೆ ಬೇಕೇ ಬೇಕು. ಗುರುವಾರದ್ದು ನನಗೆ ಗೊತ್ತಿಲ್ಲ. ಬುಧವಾರ ಮತ್ತೆ ನೋಡಿ ನಾನೇ ಫೋನ್ ಮಾಡ್ತೀನಿ.”

“ಗೊತ್ತಿಲ್ವಾ?”

“ಗೊತ್ತಿಲ್ಲ.”

ಕತ್ತರಿಯ ಸದ್ದು ನಿಂತಿತು.

“ಬಲೆ ಹಾಕಿದ್ರೆ ಗಳಿಗೆಗೊಂದ್ಸಲ ಎತ್ತಿ ತಿರುವಬೇಕು. ಆ ಕಡೆ ಅಂಚು ಹಿಡಿಯೋಕೆ ಇನ್ನೊಬ್ಬರು ಬೇಕು. ಮಂಗಳವಾರ ರಜೆ ಹಾಕೇ” ಎಂದಳು. ಇಟ್ಟುಬಿಟ್ಟಳು.

ಆಗಲೇ ಕೂತು ರಜೆ ಅರ್ಜಿ ಬರೆದೆ. ಕಾರಣ ಎಂಬಲ್ಲಿ ‘ಗಾಳಿ’ ಎಂದು ಬರೆದೆ. ಸಾಹೇಬರು ಎರಡು ಸಲ ಓದಿ, ಕೆಂಪು ಪೆನ್ನಿನಲ್ಲಿ ಅದರ ಹಿಂದೆ ‘ಬಹುಶಃ’ ಸೇರಿಸಿ ಸಹಿ ಹಾಕಿದರು. ಅವರ ಎದುರಿಗೇ ಅದನ್ನು ಹೊಡೆದುಹಾಕಿದೆ.